ಅಡುಗೆಮನೆ ಟೈಲ್ಸ್: ಎರಡಡಿ ಸಾಕಾ, ಸೀಲಿಂಗ್‌ವರೆಗೆ ಬೇಕಾ?

ಮುಂಬೈನ ಮುಲುಂಡಿನಲ್ಲಿರುವ ನಮ್ಮ ಹಳೇ ಫ್ಲ್ಯಾಟಿನ ಅಡುಗೆಮನೆ ಒಡೆಸಿ ಹೊಸದಾಗಿ ಮಾಡಿಸುವಾಗ ಕಾರೀಗರ ಕೇಳಿದ ಮೊದಲ ಪ್ರಶ್ನೆ, "ಭಾಭೀ, ಡ್ಯಾಡೋ ಕಿತ್ನಾ?" ಡ್ಯಾಡೋ ಅಂದರೆ ಓಟಾದಿಂದ, ಅಂದರೆ ಅಡುಗೆ ಕಟ್ಟೆಯಿಂದ, ಮೇಲೆ ಗೋಡೆಗೆ ಹಾಕುವ ಟೈಲ್ಸ್. ನಮ್ಮವರು ಸೀಲಿಂಗ್‌ವರೆಗೆ ಹಾಕಿಸಿಬಿಡು, ತಲೆನೋವೇ ಬೇಡ ಅಂದರು. ಅತ್ತೆ ಎರಡಡಿ ಸಾಕು, ದುಡ್ಡೇನು ಜಾಸ್ತಿಯಾಗಿದೆಯಾ ಅಂದರು. ನಾನು ಎರಡೂ ಥರದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒಗ್ಗರಣೆ ಹಾಕಿದವಳು. ಇಬ್ಬರ ಮಾತಿಗೂ ತಲೆಯಾಡಿಸಲಿಲ್ಲ.

ಮೊದಲು ಡೊಂಬಿವಲಿಯ ಬಾಡಿಗೆ ಮನೆ. ಕಪ್ಪು ಕಡಪಾ ಕಲ್ಲಿನ ಓಟಾ, ಅದರ ಮೇಲೆ ಎರಡಡಿ ಬಿಳಿ ಟೈಲ್ಸ್, ಆಮೇಲೆ ಡಿಸ್ಟೆಂಪರ್ ಗೋಡೆ. ಟೈಲ್ಸ್ ಇರುವಷ್ಟು ಜಾಗ ಒರೆಸಿದರೆ ಹೊಳೆಯುತ್ತಿತ್ತು. ಮೇಲಿನ ಡಿಸ್ಟೆಂಪರನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಜಿಡ್ಡಿನ ಜೊತೆ ಬಣ್ಣವೂ ಕೈಗೆ ಬರುತ್ತಿತ್ತು. ಆದರೆ ನನಗೆ ನಿಜವಾಗಿ ಕಾಟ ಕೊಟ್ಟಿದ್ದು ಟೈಲ್ಸಿನ ಮೇಲಂಚು. ಟೈಲ್ಸ್ ಗೋಡೆಗಿಂತ ಅರ್ಧ ಇಂಚು ಮುಂದೆ ಬಂದಿರುತ್ತದಲ್ವಾ, ಆ ಸಣ್ಣ ಕಟ್ಟೆಯ ಮೇಲೆ ಎಣ್ಣೆ, ಧೂಳು, ಹಾರಿಬಂದ ಸಾಸಿವೆ ಎಲ್ಲ ಕೂತು ಕಪ್ಪು ಅಂಟಾಗುತ್ತಿತ್ತು. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕೆರೆಯುವುದೇ ನನ್ನ ಭಾನುವಾರದ ಕೆಲಸ.

ಆಮೇಲೆ ಪುಣೆಯ ಕೋಥ್ರುಡ್. ಅಲ್ಲಿ ಓಟಾದಿಂದ ಸೀಲಿಂಗ್‌ವರೆಗೂ ಟೈಲ್ಸ್. ದೀಪಾವಳಿಗೆ ಚಕ್ಕುಲಿ ಕರಿದು, ಸೋಪಿನ ನೀರಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು, ಸುಖವೋ ಸುಖ. ಮೇಲಂಚಿನ ಕಾಟವೂ ಇಲ್ಲ. ಆದರೆ ಟೈಲ್ಸ್ ಜಾಸ್ತಿಯಾದಷ್ಟೂ ಸಂದುಗಳೂ ಜಾಸ್ತಿ. ಬಿಳಿ ಸಿಮೆಂಟ್ ತುಂಬಿದ ಸಂದುಗಳು ಒಲೆಯ ಹಿಂದೆ ಅರಿಶಿನ ಹಿಡಿದು ಹಳದಿಯಾದವು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮಿಕ್ಸಿ ಹಾಕಿದರೆ ಇಡೀ ಕೋಣೆ ಗುಂಯ್ ಅನ್ನುತ್ತಿತ್ತು. ಒಂದು ಮೊಳೆ ಹೊಡೆಯಬೇಕೆಂದರೂ ಡ್ರಿಲ್ ಬೇಕು, ಒಂದು ಸಲ ಹಾಗೆ ತೂತು ಕೊರೆಯುವಾಗ ಟೈಲೇ ಸೀಳಿತು. ಇನ್ನು ಹೊರಗೋಡೆಯದ್ದು ಬೇರೆಯೇ ಕತೆ. ಎರಡನೇ ಮಳೆಗಾಲದಲ್ಲಿ ಹೊರಗಿನಿಂದ ನೀರು ಜಿನುಗುತ್ತಿತ್ತಂತೆ, ಟೈಲ್ಸ್ ಮುಚ್ಚಿದ್ದರಿಂದ ಒಳಗೆ ನಮಗೆ ಏನೂ ಕಾಣಲಿಲ್ಲ. ಬೆರಳಲ್ಲಿ ತಟ್ಟಿದರೆ ಮಾತ್ರ ಪೊಳ್ಳು ಸದ್ದು. ಒಂದು ಬೆಳಿಗ್ಗೆ ಎರಡು ಟೈಲ್ಸ್ ಕಳಚಿ ಸಿಂಕಿನಲ್ಲಿಟ್ಟಿದ್ದ ಕುಕ್ಕರ್ ಮೇಲೆ ಬಿದ್ದವು. ಮನೆಮಾಲೀಕರು ನಾವೇ ಏನೋ ಮಾಡಿದ್ದೇವೆ ಅಂದರು, ಅದು ಬಿಡಿ.

ಹಾಗಾಗಿ ಮುಲುಂಡಿನಲ್ಲಿ ಒಡೆಸುವ ಮೊದಲು ಹದಿನೈದು ದಿನ ಒಂದು ಪ್ರಯೋಗ ಮಾಡಿದೆ. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಬಿಳಿ ಬದಿ ಹೊರಗೆ ಕಾಣುವಂತೆ ಗೋಡೆಗೆ ಅಂಟಿಸಿ ದಿನದ ಅಡುಗೆ ಮಾಡಿದೆ. ಹಾರಿದ ಎಣ್ಣೆ ಹಾಳೆಯಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಒಲೆಯ ಹಿಂದೆ ಚುಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೂವರೆ ಅಡಿಯೊಳಗೇ ಇದ್ದವು. ಅದರ ಮೇಲೆ ಚುಕ್ಕಿ ಇಲ್ಲ, ಆದರೆ ಹಾಳೆ ಮುಟ್ಟಿದರೆ ಜಿಗುಟು. ಎಣ್ಣೆಯ ಹೊಗೆ ಬಿಸಿಗಾಳಿಯ ಜೊತೆ ಮೇಲೇರಿ ತಣ್ಣಗಿನ ಗೋಡೆಗೆ ಅಂಟುತ್ತದೆ, ಸೀಲಿಂಗ್‌ವರೆಗೂ. ನನಗೆ ಆಶ್ಚರ್ಯವಾಗಿದ್ದು ಒಲೆಯ ಪಕ್ಕದ ಗೋಡೆ. ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಆ ಗೋಡೆಗೆ ಹಿಂದಿನ ಗೋಡೆಯಷ್ಟೇ ಚುಕ್ಕಿ! ಕಿಟಕಿ ಗೋಡೆಯ ಹಾಳೆ ಮಾತ್ರ ಹೊಸದರಂತೆಯೇ ಇತ್ತು.

ಲೆಕ್ಕವನ್ನೂ ಹಾಕಿದೆ. ಓಟಾ 13 ಅಡಿ ಉದ್ದ, ಎತ್ತರ 2 ಅಡಿ 9 ಇಂಚು, ಸೀಲಿಂಗ್ ಒಂಬತ್ತೂವರೆ ಅಡಿ. ಎರಡಡಿ ಡ್ಯಾಡೋ ಆದರೆ 26 ಚದರಡಿ. ಬಾಗಿಲ ಚೌಕಟ್ಟಿನ ಮಟ್ಟದವರೆಗೆ, ಅಂದರೆ ನೆಲದಿಂದ 7 ಅಡಿವರೆಗೆ ಹಾಕಿದರೆ 55. ಸೀಲಿಂಗ್‌ವರೆಗೆ ಸುಮಾರು 88. ಮೇಲೆ ಕಪಾಟು ಬರುವ ಕಡೆ ಅದರ ಹಿಂದೆ ಟೈಲ್ಸ್ ಹಾಕಿಸುವುದು ಸುಮ್ನೆ ದುಡ್ಡು ದಂಡ.

ಕೊನೆಗೆ ನಾನು ಮಾಡಿಸಿದ್ದು ಇಷ್ಟು. ಒಲೆಯ ಹಿಂದೆ, ಚಿಮಣಿ ಇರುವ ಮೂರಡಿ ಅಗಲಕ್ಕೆ ಸೀಲಿಂಗ್‌ವರೆಗೆ. ಪಕ್ಕದ ಗೋಡೆಗೆ ಎರಡಡಿ ಅಗಲ, 7 ಅಡಿ ಮಟ್ಟದವರೆಗೆ. ಸಿಂಕಿನ ಕಡೆ, ಕಿಟಕಿ ಗೋಡೆಗೆ ಎರಡೇ ಅಡಿ, ಅದರ ಮೇಲೆ ತೊಳೆಯಬಹುದಾದ ಎಮಲ್ಷನ್ ಬಣ್ಣ. ಒಟ್ಟು 45 ಚದರಡಿ ಆಯಿತು. ಮೇಲಂಚು ಮುಂದೆ ಬರದಂತೆ ಟೈಲ್ಸ್ ಮಟ್ಟಕ್ಕೇ ಪ್ಲಾಸ್ಟರ್ ತುಂಬಿಸಿದೆ, ಕಾರೀಗರ ಗೊಣಗಿದ. ಸಂದಿಗೆ ಬಿಳಿ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ರಾಳದ ಅಂಟು, ಅದೂ ಒಲೆಯ ಸುತ್ತ ಮಾತ್ರ. ದುಬಾರಿ, ಬೇಗ ಗಟ್ಟಿಯಾಗುತ್ತದೆ, ತಕ್ಷಣ ಒರೆಸದಿದ್ದರೆ ಟೈಲ್ಸ್ ಮೇಲೇ ಕಲೆ ಕೂರುತ್ತದೆ. ಆದರೆ ಅರಿಶಿನ ಅಷ್ಟು ಸುಲಭಕ್ಕೆ ಒಳಗೆ ಹೀರುವುದಿಲ್ಲ.

ಅಳತೆ ಬಗ್ಗೆ ಒಂದು ಮಾತು. ಎರಡಡಿಗೆ 12×18 ಇಂಚಿನ ಟೈಲ್ಸ್ ನಿಲ್ಲಿಸಿ ಹಾಕಿದರೆ ಮೇಲೆ ಆರಿಂಚಿನ ತುಂಡು ಸೇರಿಸಬೇಕು. 12×24 ನಿಲ್ಲಿಸಿ ಹಾಕಿದರೆ ಒಂದೇ ಸಾಲು, ನಡುವೆ ಅಡ್ಡ ಸಂದೇ ಇಲ್ಲ. ಸ್ವಿಚ್ ಬೋರ್ಡ್ ಎಲ್ಲೆಲ್ಲಿ ಅಂತ ಮೊದಲೇ ತೀರ್ಮಾನಿಸಿ.

ಕಳೆದ ಜುಲೈನಲ್ಲಿ ಕಿಟಕಿ ಗೋಡೆಯ ಎಮಲ್ಷನ್ ಮೇಲೆ ತಟ್ಟೆಯಷ್ಟಗಲ ಒದ್ದೆ ಕಲೆ ಬಂತು. ಸೊಸೈಟಿಯವರಿಗೆ ತೋರಿಸಿದೆ, ಹೊರಗಿನ ಬಿರುಕಿಗೆ ಮುಲಾಮು ಹಚ್ಚಿದ ಹಾಗೆ ಏನೋ ಬಳಿಸಿದರು, ಸದ್ಯ ನಿಂತಿದೆ. ಕಲೆಯ ಜಾಗಕ್ಕೆ ಅತ್ತೆ ಮೊಳೆ ಹೊಡೆದು ಹೊಸ ಕ್ಯಾಲೆಂಡರ್ ತೂಗುಹಾಕಿದ್ದಾರೆ. ತಿಂಗಳಿಗೊಮ್ಮೆ ನಾನು ಅದನ್ನು ಎತ್ತಿ ಹಿಂದೆ ಇಣುಕುತ್ತೇನೆ.