‘2025 ಮಾಡೆಲ್’ ಅಂದ್ರೆ ಸಾಲದು, ಯಾವ ತಿಂಗಳು ತಯಾರಾದ ಗಾಡಿ ಅಂತ ಕೇಳಿ

ಹೊಸ ಪಿಕಪ್ ಗಾಡಿ ತಗೊಳ್ಳೋಕೆ ಹೊರಟವರು ದುಡ್ಡು ಕಟ್ಟುವ ಮೊದಲು ಇದನ್ನು ಒಂದ್ಸಲ ಓದಿ. ಹೋದ ವರ್ಷ ಜನವರಿಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಕತ್ತರಿಗುಪ್ಪೆಯಲ್ಲಿ ಶಾಮಿಯಾನ ಅಂಗಡಿ. ಕುರ್ಚಿ, ಟೇಬಲ್, ಅಡುಗೆ ಪಾತ್ರೆ, ಪೆಂಡಾಲ್ ಸಾಮಾನು ಎಲ್ಲಾ ಬಾಡಿಗೆಗೆ ಕೊಡುತ್ತೇವೆ. ಗಾಡಿ ತಮ್ಮ ಓಡಿಸುತ್ತಾನೆ, ಆರ್ಡರ್ ಮತ್ತು ಲೆಕ್ಕ ನಾನು ನೋಡಿಕೊಳ್ಳುತ್ತೇನೆ. 2024ರ ಕೊನೆಯಲ್ಲಿ ನಮ್ಮ ಹಳೇ ಪಿಕಪ್ ಮಾರಿದೆವು. ಅದು ರಿಜಿಸ್ಟರ್ ಆಗಿದ್ದು 2016ರ ಫೆಬ್ರವರಿಯಲ್ಲಿ. ನಾವು ಒಂಬತ್ತು ವರ್ಷ ಅದನ್ನು ‘16ರ ಗಾಡಿ’ ಅಂತಲೇ ಕರೆದಿದ್ದೆವು. ಬ್ರೋಕರ್ ಆರ್‌ಸಿ ಕೈಗೆ ತಗೊಂಡವನೇ ಒಂದು ಸಾಲಿನ ಮೇಲೆ ಬೆರಳಿಟ್ಟ. ತಯಾರಾಗಿದ್ದು 11/2015. ‘ಇದು 15ರ ಗಾಡಿ ಅಣ್ಣ’ ಅಂದ. ಆ ಒಂದು ಮಾತಿಗೆ 20 ಸಾವಿರ ಇಳಿಯಿತು. ಎಷ್ಟು ಹೇಳಿದರೂ ಅವನು ಕೇಳಲಿಲ್ಲ, ಬೇರೆ ಬ್ರೋಕರ್‌ಗಳೂ ಅದೇ ಹೇಳಿದರು.

ಅದಕ್ಕೇ ಹೊಸ ಗಾಡಿ ನೋಡುವಾಗ ವರ್ಷದ ವಿಷಯದಲ್ಲಿ ನಾವಿಬ್ಬರೂ ಗಟ್ಟಿಯಾಗಿ ನಿಂತಿದ್ದೆವು.

ಡಿಸೆಂಬರ್‌ನಲ್ಲಿ ಶೋರೂಂಗೆ ಹೋದಾಗ ಎರಡು ಆಯ್ಕೆ ಕೊಟ್ಟರು. 2024ರಲ್ಲಿ ತಯಾರಾದ ಗಾಡಿ ಈಗಲೇ ತಗೊಂಡರೆ 45 ಸಾವಿರ ಕಡಿಮೆ. 2025ರ ಗಾಡಿ ಬೇಕಂದ್ರೆ ಜನವರಿವರೆಗೆ ಕಾಯಬೇಕು, ರಿಯಾಯಿತಿ ಇಲ್ಲ. ಇದರ ಹಿಂದೆ ಏನಿದೆ ಅನ್ನೋದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಆಗ ಹೊಸ ಗಾಡಿ ಮನೆಗೆ ತರೋರು ಕಡಿಮೆ. ಹಾಗಾಗಿ ಹಳೇ ವರ್ಷದ ಗಾಡಿಗಳು ಯಾರ್ಡ್‌ನಲ್ಲೇ ನಿಲ್ಲುತ್ತವೆ. ಸಂಕ್ರಾಂತಿ ಕಳೆದ ಮೇಲೆ ಜನ ಒಟ್ಟಿಗೆ ಬರುತ್ತಾರೆ, ಮುಂದೆ ಮಾಘದ ಮದುವೆ ಸೀಸನ್. ಆಗ ಆ ಗಾಡಿಗಳು ಹೊರಗೆ ಬರುತ್ತವೆ.

ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಇನ್ಶೂರೆನ್ಸ್‌ನವರ ಸವಕಳಿ ಪಟ್ಟಿಯಲ್ಲಿ 2ರಿಂದ 3 ವರ್ಷದ ಗಾಡಿಗೆ ಶೇ. 30, 3ರಿಂದ 4ಕ್ಕೆ ಶೇ. 40, 4ರಿಂದ 5ಕ್ಕೆ ಶೇ. 50 ಕಳೆಯುತ್ತಾರೆ. ಅಂದ್ರೆ ಒಂದು ವರ್ಷ ಹಿಂದೆ ಬಿದ್ದರೆ ಶೇ. 10. ಮಾರ್ಕೆಟ್‌ನಲ್ಲಿ ಅಷ್ಟೇನೂ ಇಳಿಯೋದಿಲ್ಲ, ಆದರೂ ಒಂಬತ್ತೂವರೆ ಲಕ್ಷದ ಗಾಡಿಗೆ 45 ಸಾವಿರ ರಿಯಾಯಿತಿ ಕಡಿಮೆಯೇ ಅನ್ನಿಸಿತು. ನಾವು ಐದು ವರ್ಷಕ್ಕೆ ಗಾಡಿ ಬದಲಾಯಿಸಬೇಕು ಅಂತಿದ್ದವರು. 2025ರದ್ದೇ ಇರಲಿ, ಕಾಯೋಣ ಅಂತ 10 ಸಾವಿರ ಮುಂಗಡ ಕೊಟ್ಟೆವು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಶೋರೂಂ ಹುಡುಗ ಫೋನ್ ಮಾಡಿದ. ‘ಸರ್, ಗಾಡಿ ರೆಡಿ ಇದೆ. ಹೋದ ವರ್ಷದ ಕೊನೇ ಲಾಟ್, ಆದ್ರೆ 2025 ಮಾಡೆಲೇ. ಆರ್‌ಸಿಯಲ್ಲೂ 2025 ಅಂತಾನೇ ಬರುತ್ತೆ’ ಅಂದ. ನನಗೆ ಸಮಾಧಾನ ಆಗಲಿಲ್ಲ. ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ, ಅವನ ಹತ್ತಿರವೂ ಪಿಕಪ್ ಇದೆ. ಅವನನ್ನು ಕೇಳಿದೆ. ‘ಹೌದಣ್ಣ, ಇಲ್ಲೂ ಹಾಗೇ. ಮುಂದಿನ ವರ್ಷದ ಮಾಡೆಲ್ ಹಿಂದಿನ ವರ್ಷವೇ ಬಂದುಬಿಡುತ್ತೆ’ ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಅಲ್ಲಿ ಮಾಡೆಲ್ ವರ್ಷ ಅಂದ್ರೆ ಕಂಪನಿ ಆ ಗಾಡಿಗೆ ಕೊಟ್ಟ ವರ್ಷ. 2024ರ ಸೆಪ್ಟೆಂಬರ್‌ನಲ್ಲಿ ತಯಾರಾದ ಗಾಡಿ ಅಲ್ಲಿ 2025ರ ಮಾಡೆಲ್ ಆಗಿರಬಹುದು, ಚಾಸಿ ನಂಬರ್‌ನಲ್ಲಿ ಇರೋದೂ ಆ ಮಾಡೆಲ್ ವರ್ಷವೇ. ಮಾರುವಾಗಲೂ ಅದನ್ನೇ ನೋಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಕಾಗದದಲ್ಲಿ ಬರೋದು ಗಾಡಿ ತಯಾರಾದ ತಿಂಗಳು, ವರ್ಷ. ಶೋರೂಂನಲ್ಲಿ ‘ಮಾಡೆಲ್’ ಅನ್ನೋ ಮಾತನ್ನು ಒಮ್ಮೆ ರಿಜಿಸ್ಟರ್ ಆದ ವರ್ಷಕ್ಕೆ, ಒಮ್ಮೆ ಗ್ರಿಲ್ಲು, ಸ್ಟಿಕ್ಕರ್ ಬದಲಾದದ್ದಕ್ಕೆ, ಹೇಗೆ ಬೇಕೋ ಹಾಗೆ ಬಳಸುತ್ತಾರೆ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ. ಕೊನೇ ಲಾಟ್ ಅಂದ್ರೆ ಡಿಸೆಂಬರ್ ಇರಬೇಕು, ಒಂದು ತಿಂಗಳು ತಾನೇ, ಹೋಗಲಿ ಅಂತ ಒಪ್ಪಿದೆ.

ಹಬ್ಬ ಆದ ಮೂರನೇ ದಿನ ಗಾಡಿ ಬಂತು. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದೆವು. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಅಮ್ಮನನ್ನು ಮುಂದೆ ಕೂರಿಸಿಕೊಂಡು ಮನೆಗೆ ಬಂದೆವು. ಅಮ್ಮ ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡ್ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ಫೆಬ್ರವರಿ ಮೊದಲ ವಾರ ಕೆಂಗೇರಿಯಲ್ಲಿ ಒಂದು ಮದುವೆ ಇತ್ತು. ಹಿಂದಿನ ರಾತ್ರಿಯೇ 300 ಕುರ್ಚಿ ಲೋಡ್ ಮಾಡಿ ಟಾರ್ಪಾಲ್ ಕಟ್ಟಿದ್ದೆವು. ಬೆಳಗಿನ ನಾಲ್ಕು ಗಂಟೆಗೆ ತಮ್ಮ ಕೀ ತಿರುಗಿಸಿದ. ಟಕ್ ಟಕ್ ಅಂತ ಸದ್ದು ಬಂತೇ ಹೊರತು ಗಾಡಿ ಸ್ಟಾರ್ಟ್ ಆಗಲಿಲ್ಲ. ಮೂರು ವಾರ ಆಗಿಲ್ಲ ಗಾಡಿ ಬಂದು! ಪಕ್ಕದ ಬೀದಿಯ ಹಾಲಿನ ಗಾಡಿಯವರನ್ನು ನಿಲ್ಲಿಸಿ ವೈರ್ ಕೊಟ್ಟು ಸ್ಟಾರ್ಟ್ ಮಾಡಿದೆವು. ಮದುವೆ ಮನೆಗೆ ಒಂದೂವರೆ ಗಂಟೆ ತಡ. ಹುಡುಗಿಯ ತಂದೆ ಗೇಟಿನಲ್ಲೇ ನಿಂತಿದ್ದರು. ಬೈಯಲಿಲ್ಲ. ಅವರ ಮುಖ ನೋಡೋಕೆ ನನಗೆ ಆಗಲಿಲ್ಲ.

ಮಾರನೇ ದಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಟೈರ್ ಬಿಚ್ಚಿ ಮಲಗಿಸಿ, ಹೆಬ್ಬೆರಳಿನಿಂದ ಕೆಸರು ಒರೆಸಿದ. ಕೆಳಗೆ ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇತ್ತು: 2324. ‘ಹೊಸ ಗಾಡಿ ಅಂತೀರಾ, ಟೈರ್ ಹೋದ ವರ್ಷ ಜೂನ್‌ದು ಅಣ್ಣ’ ಅಂದ. ಮೊದಲ ಎರಡು ಅಂಕಿ ವಾರ, ಕೊನೇ ಎರಡು ವರ್ಷ. 2024ರ 23ನೇ ವಾರ. ಟೈರ್ ಮೊದಲು ತಯಾರಾಗಿ ಆಮೇಲೆ ಗಾಡಿಗೆ ಬರುತ್ತೆ, ಅದರಲ್ಲಿ ತಪ್ಪಿಲ್ಲ. ಆದರೆ ಡಿಸೆಂಬರ್‌ನ ಗಾಡಿಗೆ ನಾಲ್ಕು ಟೈರೂ ಜೂನ್‌ದಾ?

ಆ ವಾರವೇ ಆರ್‌ಸಿ ಬಂತು. ರಿಜಿಸ್ಟರ್ ಆಗಿದ್ದು ಜನವರಿ 2025. ತಯಾರಾಗಿದ್ದು 07/2024.

ಆರು ತಿಂಗಳು ಆ ಗಾಡಿ ಬಿಸಿಲು ಮಳೆಯಲ್ಲಿ ನಿಂತಿತ್ತು. ಬ್ಯಾಟರಿ ಹೋಗಿದ್ದು ಅದಕ್ಕೇ ಅಂತ ನನ್ನ ನಂಬಿಕೆ. ಮೊದಲ ಸರ್ವಿಸ್‌ನಲ್ಲಿ ಏರ್ ಫಿಲ್ಟರ್ ಡಬ್ಬಿ ತೆಗೆದಾಗ ಒಳಗೆ ಇಲಿ ಹಿಕ್ಕೆ, ಚೂರು ಚೂರು ಮಾಡಿದ ಪೇಪರ್ ಸಿಕ್ಕಿತು. ಒಂದು ಕಡೆ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಕಡಿದು ತಾಮ್ರ ಕಾಣುತ್ತಿತ್ತು. ಇಲಿ ಕಡಿದದ್ದಕ್ಕೆ ವಾರಂಟಿ ಬರಲ್ಲ ಅಂದರು. ಗಾಡಿ ನಮ್ಮ ಹತ್ತಿರ ಬರುವ ಮೊದಲೇ ಕಡಿದಿದೆ ಅಂತ ಹೇಗೆ ತೋರಿಸೋದು?

ಶೋರೂಂಗೆ ಹೋದೆವು. ಮ್ಯಾನೇಜರ್ ಮರ್ಯಾದೆಯಾಗೇ ಮಾತಾಡಿದರು. ‘ನಾವು 2025 ಮಾಡೆಲ್ ಅಂದಿದ್ದು ರಿಜಿಸ್ಟ್ರೇಷನ್ ಲೆಕ್ಕದಲ್ಲಿ ಸರ್’ ಅಂತ ಹೇಳಿ ಫೈಲ್ ತೆಗೆದರು. ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕುವ ಫಾರಂ 20ರಲ್ಲಿ ತಯಾರಾದ ತಿಂಗಳು, ವರ್ಷ ಅಂತ ಒಂದು ಜಾಗ ಇರುತ್ತೆ. ಅಲ್ಲಿ 7/2024 ಅಂತಿತ್ತು. ಕೆಳಗೆ ನನ್ನ ಸಹಿ. ಡೆಲಿವರಿ ಹಿಂದಿನ ದಿನ ಏಳೆಂಟು ಕಡೆ ಸಹಿ ಹಾಕಿಸಿಕೊಂಡಿದ್ದರು, ಆಗ ಅರ್ಧಕ್ಕರ್ಧ ಖಾಲಿ ಇತ್ತು. ಇನ್ಶೂರೆನ್ಸ್ ಪಾಲಿಸಿಯೂ ನನ್ನ ಫೋನಿಗೆ ಮೊದಲೇ ಬಂದಿತ್ತು. ಅದರಲ್ಲೂ ತಯಾರಾದ ವರ್ಷ 2024. ನಾನು ತೆರೆದು ನೋಡಿರಲಿಲ್ಲ. ಬುಕಿಂಗ್ ಚೀಟಿಯಲ್ಲಿ ಮಾತ್ರ ವರ್ಷದ ಬಗ್ಗೆ ಒಂದಕ್ಷರ ಇರಲಿಲ್ಲ. 2025ರದ್ದೇ ಬೇಕು ಅಂತ ನಾವು ಹೇಳಿದ್ದೆಲ್ಲಾ ಬಾಯಿ ಮಾತು.

ಅಲ್ಲಿಂದ ಎರಡು ತಿಂಗಳು ಅಲೆದೆವು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ವಕೀಲರ ಮೂಲಕ ನೋಟಿಸ್ ಕಳಿಸಿದೆವು. ಇಲ್ಲೊಂದು ವಿಷಯ ನಿಮಗೆ ಗೊತ್ತಿರಲಿ. ಗೂಡ್ಸ್ ಗಾಡಿ ವ್ಯಾಪಾರಕ್ಕೆ ತಗೊಂಡಿದ್ದು, ಅದಕ್ಕೆ ಗ್ರಾಹಕ ಕಾನೂನು ಬರಲ್ಲ ಅಂತ ಶೋರೂಂನವರು ಹೆದರಿಸಬಹುದು. 2019ರ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ತಗೊಂಡ ವಸ್ತುವಿಗೆ ಅದು ಬರುತ್ತೆ ಅಂತ ಸ್ಪಷ್ಟವಾಗಿದೆ. 50 ಲಕ್ಷದವರೆಗಿನದ್ದು ಜಿಲ್ಲಾ ಆಯೋಗದಲ್ಲೇ ನಡೆಯುತ್ತೆ, ಎರಡು ವರ್ಷದೊಳಗೆ ಹಾಕಬೇಕು. ನೋಟಿಸ್ ಹೋದ ಮೇಲೆ ಅವರೇ ಕರೆದರು. ಹೊಸ ಬ್ಯಾಟರಿ ಮತ್ತು 30 ಸಾವಿರ ಕೊಟ್ಟು ಮುಗಿಸಿದರು. ಕೇಸ್ ಹಾಕಿ ನಡೆಸೋಣ ಅಂತ ನನಗಿತ್ತು. ಆದರೆ ಸೀಸನ್ ಮಧ್ಯೆ ಅಂಗಡಿ ಬಿಟ್ಟು ಓಡಾಡೋಕೆ ಆಗದೆ ಒಪ್ಪಿಕೊಂಡೆ. ಡಿಸೆಂಬರ್‌ನಲ್ಲಿ ಕಣ್ಣು ಮುಚ್ಚಿ ಹಳೇ ವರ್ಷದ್ದು ತಗೊಂಡಿದ್ದರೂ 45 ಸಾವಿರ ಉಳಿಯುತ್ತಿತ್ತು.

ಹಳೇ ವರ್ಷದ ಗಾಡಿ ತಗೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಹತ್ತು ವರ್ಷ ನೀವೇ ಓಡಿಸಿ ಸವೆಸುವವರಾದರೆ, ರಿಯಾಯಿತಿ ಚೆನ್ನಾಗಿದ್ದರೆ ತಗೊಳ್ಳಿ. ನವೆಂಬರ್, ಡಿಸೆಂಬರ್‌ನ ಗಾಡಿಗೂ ಜನವರಿಯದಕ್ಕೂ ಕಾಗದದಲ್ಲಿ ಬಿಟ್ಟರೆ ವ್ಯತ್ಯಾಸ ಇಲ್ಲ. ಆದರೆ ಅದು ಹಳೇ ವರ್ಷದ್ದು ಅಂತ ಗೊತ್ತಿದ್ದು, ಹಳೇ ವರ್ಷದ ಬೆಲೆಗೆ ತಗೊಳ್ಳಬೇಕು. ನಾಲ್ಕೈದು ವರ್ಷಕ್ಕೆ ಮಾರುವವರು ಮಾತ್ರ ಹೊಸ ವರ್ಷದ್ದಕ್ಕೇ ಹಟ ಹಿಡಿಯಿರಿ.

ವರ್ಷ ಅಷ್ಟೇ ಅಲ್ಲ, ತಿಂಗಳೂ ಮುಖ್ಯ. 2023ರ ಮಾರ್ಚ್‌ನದ್ದೂ ಏಪ್ರಿಲ್‌ನದ್ದೂ ಎರಡೂ 2023ರ ಗಾಡಿಗಳೇ. ಆದರೆ ಆ ಏಪ್ರಿಲ್ 1ರಿಂದ ಬಿಎಸ್-6ರ ಎರಡನೇ ಹಂತ ಬಂತು, ಎಂಜಿನ್ ಹೊಗೆಯ ನಿಯಮವೇ ಬದಲಾಯಿತು. ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದೂ 2025ರ ಅಕ್ಟೋಬರ್ 1ರಿಂದ ತಯಾರಾದ ಗಾಡಿಗಳಿಗೆ. ಅದು ಒಟ್ಟು ತೂಕ ಮೂರೂವರೆ ಟನ್ ದಾಟಿದ ಗಾಡಿಗೆ ಮಾತ್ರ. ನಮ್ಮಂಥ ಸಣ್ಣ ಪಿಕಪ್‌ಗೆ ಬರಲ್ಲ. ಹೊಸ ವರ್ಷದ್ದರಲ್ಲಿ ಸರ್ಕಾರದ ರೂಲ್ ಪ್ರಕಾರ ಎಸಿ ಬರುತ್ತೆ ಅಂತ ಸಣ್ಣ ಗಾಡಿಗೆ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಮುಖ್ಯವಾದ ಮಾತು. ಪೂರ್ತಿ ದುಡ್ಡು ಕಟ್ಟುವ ಮೊದಲು, ಇನ್‌ವಾಯ್ಸ್ ಮತ್ತು ಇನ್ಶೂರೆನ್ಸ್ ಮಾಡುವ ಮೊದಲು, ನಿಮಗೆ ಕೊಡುವ ಗಾಡಿಯ ಚಾಸಿ ನಂಬರ್ ಕೇಳಿ. ಅವೆರಡೂ ಆ ನಂಬರಿಗೆ ಆದ ಮೇಲೆ ಗಾಡಿ ಬದಲಾಯಿಸಿ ಅಂದ್ರೆ ಯಾರೂ ಒಪ್ಪಲ್ಲ. ಚಾಸಿ ನಂಬರ್‌ನಲ್ಲಿ ಒಟ್ಟು 17 ಅಕ್ಷರ, ಅಂಕಿ ಇರುತ್ತವೆ. ಹತ್ತನೆಯದು ಸಾಮಾನ್ಯವಾಗಿ ವರ್ಷ. 2023ಕ್ಕೆ ‘ಪಿ’, 2024ಕ್ಕೆ ‘ಆರ್’, 2025ಕ್ಕೆ ‘ಎಸ್’, 2026ಕ್ಕೆ ‘ಟಿ’. ‘ಕ್ಯೂ’ ಅಕ್ಷರವನ್ನು ಬಳಸೋದಿಲ್ಲ, ಅದಕ್ಕೇ ‘ಪಿ’ ಆದ ಮೇಲೆ ನೇರ ‘ಆರ್’. ತಿಂಗಳಿನ ಅಕ್ಷರ ಎಲ್ಲಿರುತ್ತೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ಬಾಯಲ್ಲಿ ಕೇಳಿ ಬಿಡಬೇಡಿ, ಬುಕಿಂಗ್ ಚೀಟಿಯ ಮೇಲೆ ‘ತಯಾರಾದ ತಿಂಗಳು, ವರ್ಷ’ ಅಂತ ಬರೆಸಿ ಸೀಲ್ ಹಾಕಿಸಿ. ಶೋರೂಂ ಕೊಡುವ ಮಾರಾಟ ಪತ್ರ ಫಾರಂ 21ರಲ್ಲೂ ಅದು ಇರುತ್ತೆ. ಖಾಲಿ ಫಾರಂಗೆ ಸಹಿ ಮಾತ್ರ ದಯವಿಟ್ಟು ಹಾಕಬೇಡಿ.

ಆಮೇಲೆ ಯಾರ್ಡ್‌ಗೆ ಹೋಗಿ. ದೂರ ಅಂತಾರೆ, ಒಳಗೆ ಬಿಡಲ್ಲ ಅಂತಾರೆ. ಹಟ ಮಾಡಿ ಹೋಗಿ. ಗಾಡಿ ಮೇಲಿನ ನಂಬರನ್ನು ನಿಮ್ಮ ಚೀಟಿ ಜೊತೆ ತಾಳೆ ನೋಡಿ. ಟೈರ್ ಅಂಕಿ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ತಾರೀಖಿನ ಚೀಟಿ ಇರುತ್ತೆ. ಬಾನೆಟ್ ತೆಗೆಸಿ ವೈರ್‌ಗಳ ಮೇಲೆ ಟಾರ್ಚ್ ಬಿಡಿ.

ಈ ಸಂಕ್ರಾಂತಿ ಆದ ಮೇಲೆ ನಮ್ಮ ಬೀದಿಯ ತರಕಾರಿ ಅಂಗಡಿಯವರು ಪಿಕಪ್ ಬುಕ್ ಮಾಡಿದರು. ‘ನೀವೂ ಬನ್ನಿ ಅಣ್ಣ’ ಅಂದರು, ಜೊತೆಗೆ ಹೋದೆ. 2026ರ ಬೆಲೆ ಹೇಳಿ ಚಾಸಿ ನಂಬರ್ ಕೊಟ್ಟರು. ಬೆರಳಿಟ್ಟು ಹತ್ತರವರೆಗೆ ಎಣಿಸಿದೆವು. ‘ಎಸ್’ ಇತ್ತು. ‘ಇದು ಹೋದ ವರ್ಷದ್ದು, ನಮಗೆ ಬೇಡ’ ಅಂತ ಅವರು ಮುಂಗಡದ ರಸೀದಿಯನ್ನು ಟೇಬಲ್ ಮೇಲಿಟ್ಟು ಸುಮ್ನೆ ಕೂತರು. ಶೋರೂಂ ಹುಡುಗ ಒಳಗೆ ಹೋಗಿ ಬಂದು, ನಾಲ್ಕು ದಿನ ಟೈಮ್ ಕೊಡಿ ಅಂದ. ಐದನೇ ದಿನ ಅವರ ಫೋನಿಗೆ ಬೇರೆ ನಂಬರ್ ಬಂತು. ರಾತ್ರಿ ಒಂಬತ್ತು ಗಂಟೆಗೆ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಓಡಿ ಬಂದು ತೋರಿಸಿದರು. ಹತ್ತನೇದು ‘ಟಿ’.