ಈಜಿಆರ್: ತಗಡು ಹಾಕಿಸೋದಾ, ತೊಳೆಸೋದಾ?

ಹಳೆಯ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ನಡುಗತೊಡಗಿದರೆ ಗ್ಯಾರೇಜಿನಲ್ಲಿ ಎರಡು ಸಲಹೆ ಸಿಗುತ್ತವೆ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಸಿಲಿಂಡರಿಗೆ ಬಿಡುವ ಈಜಿಆರ್ ವಾಲ್ವ್‌ಗೆ ತಗಡು ಕೊಟ್ಟು ಮುಚ್ಚಿಸಿ, ಪಿಕಪ್ ಬರುತ್ತೆ ಅನ್ನೋದು ಒಂದು. ಬಿಚ್ಚಿ ಕಾರ್ಬನ್ ತೆಗೆಸಿ ಅನ್ನೋದು ಇನ್ನೊಂದು. ಇಂಜಿನ್ನಿನ ಅಂಕಿಅಂಶ ತೋರಿಸುವ ಓಬಿಡಿ ಸ್ಕ್ಯಾನರ್ ಹಾಕಿಕೊಂಡು ಎರಡನ್ನೂ ಮಾಡಿ ನೋಡಿದೆ.

ಮೊದಲು ತಗಡು. ನಡುಕ ಅವತ್ತೇ ನಿಂತಿತು. ವಾಲ್ವ್ ಅರ್ಧ ತೆರೆದು ಸಿಕ್ಕಿಕೊಂಡು, ಐಡ್ಲಿಂಗ್‌ನಲ್ಲಿ ಬರಬಾರದ ಹೊಗೆ ಸಿಲಿಂಡರಿಗೆ ನುಗ್ಗುತ್ತಿತ್ತು, ಅಷ್ಟೇ. ಪಿಕಪ್ ಮಾತ್ರ ಬರಲಿಲ್ಲ. ಫುಲ್ ಥ್ರಾಟಲ್‌ನಲ್ಲಿ ಈ ವಾಲ್ವ್ ಹೇಗೂ ಮುಚ್ಚಿರುತ್ತದೆ, ಇನ್ನೆಲ್ಲಿಂದ ಬರಬೇಕು?

ಬಣ್ಣ ಬಯಲಾಗಿದ್ದು ಶಿರಾಡಿ ಘಾಟಿಯಲ್ಲಿ. ಗುಂಡ್ಯ ದಾಟಿ ಮೂರನೇ ಗೇರಿನಲ್ಲಿ, ಅರ್ಧ ಆಕ್ಸಿಲರೇಟರ್ ಒತ್ತಿ ಏರುವಾಗ ಸಣ್ಣಗೆ ಕಟಕಟ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇರುವುದೇ ಇಲ್ಲ. ಆ ಹೊಗೆ ಸೇರಿದರೆ ಬೆಂಕಿ ನಿಧಾನವಾಗಿ ಹರಡುತ್ತದೆ, ಬಿಸಿಯೂ ಕಡಿಮೆ. ಅದಕ್ಕೇ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕಿಡಿಯನ್ನು ಸ್ವಲ್ಪ ಮುಂಚೆ ಕೊಡುತ್ತದೆ. ಹೊಗೆ ನಿಲ್ಲಿಸಿ ಟೈಮಿಂಗ್ ಹಾಗೇ ಬಿಟ್ಟರೆ ಒತ್ತಡ ಬೇಗ ಏರುತ್ತದೆ, ಮಿಶ್ರಣ ತಾನಾಗೇ ಸಿಡಿದು ಕಟಕಟ ಅನ್ನುವ ನಾಕಿಂಗ್ ಶುರು. ನಾಕ್ ಸೆನ್ಸರ್ ಇದ್ದಿದ್ದರಿಂದ ಇಸಿಯು ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಅನ್ನೋದು) ಇಳಿಸುತ್ತಿತ್ತು, ಮತ್ತೆ ಏರಿಸುತ್ತಿತ್ತು. ಸ್ಕ್ಯಾನರಿನಲ್ಲಿ ಆ ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ. ಸೆನ್ಸರ್ ಇಲ್ಲದ ಡಿಸ್ಟ್ರಿಬ್ಯೂಟರ್ ಗಾಡಿಯಾಗಿದ್ದರೆ ಪಿಸ್ಟನ್ನೇ ಪೆಟ್ಟು ತಿನ್ನಬೇಕಿತ್ತು.

ಇಂಧನ ಮಿಶ್ರಣವೂ ಕೆಟ್ಟಿತು. ನನ್ನ ಕಾರಿನಲ್ಲಿರುವುದು ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿ ಎಷ್ಟೆಂದು ಲೆಕ್ಕ ಹಾಕುವಂಥದ್ದು. ಆ ಒತ್ತಡದಲ್ಲಿ ಹೊಗೆಯ ಪಾಲೂ ಇದೆ ಅಂತ ಇಸಿಯು ಕಳೆದುಬಿಡುತ್ತದೆ. ಹೊಗೆ ಬಾರದಿದ್ದಾಗ ಅಲ್ಲಿರುವುದೆಲ್ಲ ಶುದ್ಧ ಗಾಳಿ, ಪೆಟ್ರೋಲ್ ಮಾತ್ರ ಕಡಿಮೆ. ಮಿಶ್ರಣ ಲೀನ್. ಆಕ್ಸಿಜನ್ ಸೆನ್ಸರ್ ಸರಿಪಡಿಸಲು ಹೊರಟು ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಅಂಕಿ) ಪ್ಲಸ್ ಕಡೆ ಹತ್ತಿತು. ಒಳಬರುವ ಗಾಳಿಯನ್ನೇ ಅಳೆಯುವ ಮಾಫ್ ಸೆನ್ಸರ್ ಗಾಡಿಗಳಿಗೆ ಈ ಗೊಂದಲ ಇಷ್ಟಿರುವುದಿಲ್ಲ. ಕೊನೆಗೆ ಚೆಕ್ ಇಂಜಿನ್ ಲೈಟೂ ಹತ್ತಿತು, ಕೋಡ್ ಪಿ0401, ಅಂದರೆ ಈಜಿಆರ್ ಹೊಗೆ ಸಾಲುತ್ತಿಲ್ಲ ಅಂತ. ಇಷ್ಟಾದರೂ ಎಮಿಷನ್ ಟೆಸ್ಟ್ ಪಾಸ್! ಅಲ್ಲಿ ಪೆಟ್ರೋಲ್ ಗಾಡಿಗೆ ನೋಡುವುದು ಕಾರ್ಬನ್ ಮೋನಾಕ್ಸೈಡ್, ಹೈಡ್ರೋಕಾರ್ಬನ್. ಈಜಿಆರ್ ತಡೆಯುವ ನೈಟ್ರೋಜನ್ ಆಕ್ಸೈಡನ್ನು ಯಾರೂ ಅಳೆಯುವುದಿಲ್ಲ.

ತೊಳೆಸುವುದು ರೇಜಿಗೆಯ ಕೆಲಸ. ವಾಲ್ವಿನ ಸೂಜಿಯ ಸುತ್ತ ಕಾರ್ಬನ್ ಕಲ್ಲಿನಂತೆ ಕೂತಿತ್ತು. ಸ್ಪ್ರೇ ಹೊಡೆದು ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ ಉಜ್ಜಿದ ಮೇಲೆ ಸಲೀಸಾಗಿ ಆಡಿತು. ಐಡ್ಲಿಂಗ್ ತಗಡು ಹಾಕಿದಾಗಿನಷ್ಟೇ ನಯ. ಟ್ರಿಮ್ ಸೊನ್ನೆಯ ಆಸುಪಾಸು, ಅದೇ ಘಾಟಿಯಲ್ಲಿ ಕಟಕಟ ಇಲ್ಲ. ಮೈಲೇಜಿನಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ನನ್ನ ಓಟು ತೊಳೆಸುವುದಕ್ಕೇ. ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿಸಿ, ಕೋಡ್ ಅಳಿಸಿ. ಸೂಜಿ ಸವೆದು ಸರಿಯಾಗಿ ಮುಚ್ಚದಿದ್ದರೆ ಸುಮ್ನೆ ಉಜ್ಜುತ್ತಾ ಕೂರಬೇಡಿ, ಹೊಸ ವಾಲ್ವೇ ಬೇಕು.