ಬಿಗ್ ಟೆನ್ ಯೂನಿವರ್ಸಿಟಿಗಳು: ಫುಟ್‌ಬಾಲ್ ಪಕ್ಕಕ್ಕಿಟ್ಟು ಓದಿನ ಲೆಕ್ಕದಲ್ಲಿ ಒಂದು ರಿವ್ಯೂ

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 4. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗೆ ಬರತ್ತೆ.

ಎಂಎಸ್ ಅಪ್ಲಿಕೇಶನ್ ಸೀಸನ್ ಬಂತು ಅಂದ್ರೆ ಬೆಂಗ್ಳೂರು, ಮೈಸೂರು, ಹುಬ್ಳಿ ಕಡೆಯಿಂದ ಅಕ್ಕನ ಮಗ, ಅತ್ತಿಗೆ ತಮ್ಮ, ಪಕ್ಕದ್ಮನೆಯವ್ರ ಮಗಳು ಅಂತ ಒಬ್ರಲ್ಲ ಒಬ್ರು ವಾಟ್ಸಾಪಲ್ಲಿ ಲಿಸ್ಟ್ ಕಳಿಸ್ತಾರೆ, ಪರ್ಡ್ಯೂ ಒಳ್ಳೇದಾ, ಒಹಾಯೊ ಸ್ಟೇಟ್ ಒಳ್ಳೇದಾ, ಮಿನೆಸೊಟಾದಲ್ಲಿ ಬರೀ ಚಳಿನಾ ಓದೂ ಇದ್ಯಾ ಅಂತ. ಶಿಕಾಗೋ ಹತ್ರ ಇರೋನಿಗೆ ಎಲ್ಲಾ ಗೊತ್ತಿರತ್ತೆ ಅನ್ನೋ ನಂಬಿಕೆ ಪಾಪ. ಆ ಲಿಸ್ಟ್ ನೋಡಿದ್ರೆ ಅರ್ಧಕ್ಕರ್ಧ ಬಿಗ್ ಟೆನ್ ಅನ್ನೋ ಒಂದೇ ಸ್ಪೋರ್ಟ್ಸ್ ಕಾನ್ಫರೆನ್ಸಿಗೆ ಸೇರಿದ ಯೂನಿವರ್ಸಿಟಿಗಳು.

ಕಾನ್ಫರೆನ್ಸ್ ಅಂದ್ರೆ ಏನಿಲ್ಲ, ಯಾವ ಕಾಲೇಜ್ ಯಾವ ಕಾಲೇಜ್ ಜತೆ ಮ್ಯಾಚ್ ಆಡ್ಬೇಕು ಅಂತ ಮಾಡ್ಕೊಂಡಿರೋ ಲೀಗು. ಇದು ಶುರುವಾಗಿದ್ದು 1896ರಲ್ಲಿ ಏಳು ಯೂನಿವರ್ಸಿಟಿಗಳಿಂದ, ಈಗ 18 ಇವೆ. 2024ರಲ್ಲಿ ಯುಎಸ್‌ಸಿ, ಯುಸಿಎಲ್‌ಎ, ಒರೆಗಾನ್, ವಾಷಿಂಗ್ಟನ್ ಬಂದು ಸೇರಿದ್ಮೇಲೆ ನ್ಯೂಜೆರ್ಸಿಯಿಂದ ಲಾಸ್ ಏಂಜಲೀಸ್ ತನಕ ಹರಡ್ಕೊಂಡಿದೆ, ಎಲ್ಲಾ ಟಿವಿ ದುಡ್ಡಿನ ಮಹಿಮೆ. ಹಂಗಂತ ಓದಿನ ವಿಷ್ಯದಲ್ಲಿ ಇದು ಏನೋ ಕಲಬೆರಕೆ ಗುಂಪು ಅಂದ್ಕೋಬೇಡಿ. ಅಮೆರಿಕದಲ್ಲಿ ದೊಡ್ಡ ರಿಸರ್ಚ್ ಯೂನಿವರ್ಸಿಟಿಗಳದ್ದೇ ಒಂದು ಕ್ಲಬ್ ಇದೆ, ಎಎಯು ಅಂತ, 1900ರಿಂದ ಇದೆ, ಅರ್ಜಿ ಹಾಕಿ ಸೇರೋದಲ್ಲ, ಅವ್ರೇ ಕರೀಬೇಕು. ಬಿಗ್ ಟೆನ್ನಿನ 18ರಲ್ಲಿ 17 ಅದರ ಮೆಂಬರ್ಸು. ಎಸಿಸಿ ಅನ್ನೋ ಇನ್ನೊಂದು ಕಾನ್ಫರೆನ್ಸ್ ಕಡೆಯವ್ರು ಡ್ಯೂಕ್, ಸ್ಟ್ಯಾನ್‌ಫರ್ಡ್, ಬರ್ಕ್ಲಿ ಅಂತ ಹೆಸ್ರು ಹೇಳ್ಕೊಂಡು ಜಗಳಕ್ಕೆ ಬರ್ತಾರೆ, ಬರ್ಲಿ, ಮೇಲಿನ ತುದಿಯಲ್ಲಿ ಅವ್ರು ಮುಂದೆನೇ ಇರ್ಬೋದು. ನಾನು ಕಾನ್ಫರೆನ್ಸ್ ನೋಡೋದು ಕೆಳಗಿಂದ. ಲಿಸ್ಟಿನ ಕೊನೇಲಿರೋ ಯೂನಿವರ್ಸಿಟಿಲೂ ಒಳ್ಳೇ ಲ್ಯಾಬ್, ಒಳ್ಳೇ ಪ್ರೊಫೆಸರ್ ಸಿಗ್ತಾರಾ? ಇಲ್ಲಿ ಸಿಗ್ತಾರೆ.

ಆ ಹೊರಗಿರೋ ಒಂದು ನೆಬ್ರಾಸ್ಕಾ. ಅದರ ಕಥೆ ಸ್ವಲ್ಪ ಕೇಳಿ, ಯಾಕಂದ್ರೆ ಈ ರ‍್ಯಾಂಕು ರೆಪ್ಯುಟೇಶನ್ ಎಲ್ಲಾ ಹೆಂಗೆ ತಯಾರಾಗತ್ತೆ ಅಂತ ಅಲ್ಲೇ ಗೊತ್ತಾಗೋದು. 2011ರಲ್ಲಿ ಅವ್ರು ಬಿಗ್ ಟೆನ್ ಸೇರಿದ್ರು, ಅದೇ ವರ್ಷ ಎಎಯು ಓಟ್ ಹಾಕಿ ಅವ್ರನ್ನ ಆಚೆ ಕಳಿಸ್ತು. ಅವ್ರ ಮೆಡಿಕಲ್ ಸೆಂಟರ್ ಇರೋದು ಒಮಾಹಾದಲ್ಲಿ, ಬೇರೆ ಕ್ಯಾಂಪಸ್ ಅಂತ ಅದರ ರಿಸರ್ಚ್ ಲೆಕ್ಕಕ್ಕೆ ಬರ್ಲಿಲ್ಲ, ಲಿಂಕನ್ ಊರಲ್ಲಿರೋ ಮೇನ್ ಕ್ಯಾಂಪಸ್ಸಲ್ಲಿ ಜಾಸ್ತಿ ಇರೋ ಕೃಷಿ ಸಂಶೋಧನೆಗೆ ಎಎಯು ಫಾರ್ಮುಲಾದಲ್ಲಿ ತೂಕ ಕಮ್ಮಿ. ಅಂದ್ರೆ ಹಿಂದಿನ ದಿನ ಇದ್ದ ಪ್ರೊಫೆಸರ್‌ಗಳೇ ಮಾರನೇ ದಿನಾನೂ ಅದೇ ಪಾಠ ಮಾಡ್ತಿದ್ರು, ಕ್ಲಬ್ಬಿನ ಬೋರ್ಡ್ ಮಾತ್ರ ಹೋಯ್ತು. ಬೆಳೆ, ಮಣ್ಣು, ನೀರಾವರಿ ಓದೋಕೆ ಬರೋ ಧಾರವಾಡದ ಹುಡುಗನಿಗೆ ಅದರಿಂದ ಆಗೋ ನಷ್ಟ ಏನೂ ಇಲ್ಲ.

ಉಲ್ಟಾ ಕಥೆನೂ ಇದೆ. ಮೊದಲ ಏಳರಲ್ಲಿ ಒಂದು ಯೂನಿವರ್ಸಿಟಿ ಆಫ್ ಶಿಕಾಗೋ. 1935ರಲ್ಲಿ ಮೊಟ್ಟಮೊದಲ ಹೈಸ್‌ಮನ್ ಟ್ರೋಫಿ (ಕಾಲೇಜ್ ಫುಟ್‌ಬಾಲಿನ ಬೆಸ್ಟ್ ಆಟಗಾರನಿಗೆ ಕೊಡೋದು) ಗೆದ್ದಿದ್ದು ಅಲ್ಲಿನ ಹುಡುಗನೇ, ಆದ್ರೂ ಪ್ರೆಸಿಡೆಂಟ್ ರಾಬರ್ಟ್ ಹಚಿನ್ಸ್ 1939ರಲ್ಲಿ ಇದು ನಮಗ್ಯಾಕೆ ಅಂತ ಫುಟ್‌ಬಾಲನ್ನೇ ನಿಲ್ಲಿಸಿದ್ರು, 1946ರಲ್ಲಿ ಕಾನ್ಫರೆನ್ಸ್‌ನೂ ಬಿಟ್ರು. ಆದ್ರೆ ಬಿಗ್ ಟೆನ್ ಯೂನಿವರ್ಸಿಟಿಗಳು 1958ರಲ್ಲಿ ಲೈಬ್ರರಿ, ಕೋರ್ಸು ಹಂಚ್ಕೊಳ್ಳಕ್ಕೆ ಅಂತ ಒಂದು ಒಕ್ಕೂಟ ಮಾಡ್ಕೊಂಡಾಗ ಶಿಕಾಗೋನೂ ಜತೆಗೆ ಬಂತು, 2016ರ ತನಕ ಇತ್ತು. ಆ ಒಕ್ಕೂಟ ಇವತ್ತಿಗೂ ಬಿಗ್ ಟೆನ್ ಅಕಾಡೆಮಿಕ್ ಅಲಯನ್ಸ್ ಅನ್ನೋ ಹೆಸ್ರಲ್ಲಿದೆ. ನಿಮ್ಮ ಲೈಬ್ರರಿಲಿ ಇಲ್ದಿರೋ ಪುಸ್ತಕ ಇನ್ನೊಂದು ಯೂನಿವರ್ಸಿಟಿಯಿಂದ ತರಿಸ್ಕೊಳ್ಬೋದು. ಪಿಎಚ್‌ಡಿ ಮಾಡೋರಿಗೆ ಇದು ನಿಜವಾಗ್ಲೂ ಉಪಯೋಗ, ಆದ್ರೆ ಬ್ರೋಷರಲ್ಲಿ ಸ್ಟೇಡಿಯಂ ಫೋಟೋ ಇರತ್ತೆ, ಇದು ಇರಲ್ಲ.

ಈಗ ಒಳಗಿನ ಹೋಲಿಕೆ. ಒಟ್ಟು ರ‍್ಯಾಂಕ್ ನೋಡಿದ್ರೆ ನಾರ್ತ್‌ವೆಸ್ಟರ್ನ್ ಮೇಲೆ, ಆಮೇಲೆ ಯುಸಿಎಲ್‌ಎ, ಮಿಶಿಗನ್, ಅವರ ಹಿಂದೆ ಯುಎಸ್‌ಸಿ, ಇಲಿನಾಯ್, ವಿಸ್ಕಾನ್ಸಿನ್, ಹಿಂಗೆ ಇಳೀತಾ ಹೋಗತ್ತೆ. ಸರಿ. ಆದ್ರೆ ಪ್ರತಿ ವರ್ಷ ಈ ಪಟ್ಟಿ ಮಾಡೋ ಯುಎಸ್ ನ್ಯೂಸ್ ರ‍್ಯಾಂಕಲ್ಲಿ 20 ಪರ್ಸೆಂಟ್ ಬರೋದು ಬೇರೆ ಯೂನಿವರ್ಸಿಟಿಗಳ ಪ್ರೆಸಿಡೆಂಟು ಡೀನುಗಳು 1ರಿಂದ 5ರೊಳಗೆ ಕೊಡೋ ಅಂಕದಿಂದ, ಅಂದ್ರೆ ಹೆಸ್ರು ಕೇಳಿದೀನಾ ಇಲ್ವಾ ಅನ್ನೋದೇ ಅರ್ಧ. 2023ರಲ್ಲಿ ಅವ್ರು ಫಾರ್ಮುಲಾ ಬದಲಾಯಿಸಿದ್ರು, ಕ್ಲಾಸ್ ಸೈಜು, ಹಳೇ ವಿದ್ಯಾರ್ಥಿಗಳ ಡೊನೇಶನ್ ಎಲ್ಲಾ ತೆಗೆದ್ರು, ಬಿಗ್ ಟೆನ್ನಿನದ್ದೇ ಆದ ನ್ಯೂಜೆರ್ಸಿಯ ರಟ್ಗರ್ಸ್ ಒಂದೇ ಸಲಕ್ಕೆ 55ರಿಂದ 40ಕ್ಕೆ ಬಂತು. ಅಲ್ಲಿ ಒಂದು ಇಟ್ಟಿಗೆನೂ ಅಲ್ಲಾಡಿರ್ಲಿಲ್ಲ. ಈ ಒಟ್ಟು ರ‍್ಯಾಂಕ್ ನೋಡಿ ಎಂಎಸ್‌ಗೆ ಸೇರೋದು, ದೋಸೆ ತಿನ್ನಕ್ಕೆ ಹೋದೋನು ಹೋಟ್ಲಿನ ಪಾರ್ಕಿಂಗ್ ಜಾಗಕ್ಕೆ ಮಾರ್ಕ್ಸ್ ಕೊಟ್ಟಂಗೆ.

ನೋಡ್ಬೇಕಾಗಿರೋದು ಡಿಪಾರ್ಟ್‌ಮೆಂಟು. ಇಲಿನಾಯ್ ಒಟ್ಟು ರ‍್ಯಾಂಕಲ್ಲಿ ಯುಎಸ್‌ಸಿ ಹಿಂದೆ ಇರತ್ತೆ, ಕಂಪ್ಯೂಟರ್ ಸೈನ್ಸಿಗೆ ಬಂದ್ರೆ ನಾರ್ತ್‌ವೆಸ್ಟರ್ನ್‌ನೂ ದಾಟಿ ಎಷ್ಟೋ ಮುಂದೆ. ಸೂಪರ್‌ಕಂಡಕ್ಟಿವಿಟಿ ಕೆಲಸಕ್ಕೆ ಜಾನ್ ಬಾರ್ಡೀನ್‌ಗೆ 1972ರಲ್ಲಿ ಎರಡನೇ ಸಲ ಫಿಸಿಕ್ಸ್ ನೊಬೆಲ್ ಬಂದಿದ್ದೂ ಅಲ್ಲಿದ್ದಾಗ್ಲೇ. ಇಂಟರ್ನೆಟ್ಟನ್ನೇ ತಗೊಳ್ಳಿ, 1969ರ ಅಕ್ಟೋಬರ್ 29ಕ್ಕೆ ಇಂಟರ್ನೆಟ್ಟಿಗೆ ಅಜ್ಜ ಅನ್ನಬಹುದಾದ ಅರ್ಪಾನೆಟ್ಟಿನ ಮೊದಲ ಮೆಸೇಜ್ ಹೊರಟಿದ್ದು ಯುಸಿಎಲ್‌ಎಯಿಂದ, ಲಾಗಿನ್ ಅಂತ ಟೈಪ್ ಮಾಡೋಕೆ ಹೋಗಿ ಎರಡು ಅಕ್ಷರಕ್ಕೇ ಸಿಸ್ಟಮ್ ಕ್ರ್ಯಾಶ್ ಆಯ್ತು. 1991ರಲ್ಲಿ ಮಿನೆಸೊಟಾದವ್ರು ಫೈಲು ಹುಡ್ಕೋಕೆ ಗೋಫರ್ ಅಂತ ಮಾಡಿದ್ರು, ಅವ್ರ ಫುಟ್‌ಬಾಲ್ ಟೀಮಿನ ಹೆಸರೂ ಗೋಫರ್ಸೇ. 1993ರಲ್ಲಿ ಇಲಿನಾಯಲ್ಲಿ ಮೊಸಾಯಿಕ್ ಬ್ರೌಸರ್ ಬಂತು. ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ಡಿಪಾರ್ಟ್‌ಮೆಂಟ್ 1962ರಲ್ಲಿ ಶುರುವಾಗಿದ್ದು ಪರ್ಡ್ಯೂನಲ್ಲಿ. ಮ್ಯಾಚ್ ದಿನ ಒಬ್ರಿಗೊಬ್ರು ಬೈಕೊಳ್ಳೋ ಕಾಲೇಜುಗಳೇ ಇವೆಲ್ಲಾ.

ಮಿಶಿಗನ್ ಸ್ಟೇಟನ್ನ ಪಕ್ಕದ ಮಿಶಿಗನ್ ಎದುರು ತಮ್ಮನ ಥರ ನೋಡ್ತಾರೆ ಜನ, ಆದ್ರೆ ನ್ಯೂಕ್ಲಿಯರ್ ಫಿಸಿಕ್ಸ್ ಬೇಕಾ, ಹೋಗ್ಬೇಕಾಗಿರೋದು ಮಿಶಿಗನ್ ಸ್ಟೇಟ್‌ಗೇ, 2022ರಲ್ಲಿ ಅಲ್ಲಿ ಅಪರೂಪದ ಐಸೋಟೋಪುಗಳ ದೊಡ್ಡ ಆ್ಯಕ್ಸಲರೇಟರ್ ಶುರುವಾಯ್ತು. ಅಯೋವಾ ಅಂದ್ರೆ ಜೋಳದ ಹೊಲ ಅಂತ ನಗ್ತಾರೆ, ಕಥೆ ಕಾದಂಬರಿ ಬರೆಯೋರಿಗೆ ಅದೇ ಕಾಶಿ, ಅಲ್ಲಿನ ರೈಟರ್ಸ್ ವರ್ಕ್‌ಶಾಪ್ 1936ರಿಂದ ಇದೆ, ನಮ್ಮ ವಿವೇಕ ಶಾನಭಾಗರೂ 2016ರಲ್ಲಿ ಅಲ್ಲಿನ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಮಿಗೆ ಹೋಗಿದ್ರು. ವಿಸ್ಕಾನ್ಸಿನ್ ಬಯಾಲಜಿ, ಕೇಳ್ಲೇಬೇಡಿ, 1968ರಲ್ಲಿ ಹರಗೋವಿಂದ ಖೊರಾನಾಗೆ ನೊಬೆಲ್ ಬಂದಾಗ ಅವ್ರು ಇದ್ದಿದ್ದು ಅಲ್ಲೇ, ಮ್ಯಾಡಿಸನ್ನಲ್ಲಿ.

ನಮ್ಮೂರ ಹೆಸ್ರುಗಳನ್ನ ತಗೊಂಡ್ರೂ ಇದೇ ಕಥೆ. ಸಿ.ಎನ್.ಆರ್. ರಾವ್ 1958ರಲ್ಲಿ ಪಿಎಚ್‌ಡಿ ಮುಗಿಸಿದ್ದು ಪರ್ಡ್ಯೂನಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ (ಬೆಂಗ್ಳೂರಿನ ಐಐಎಸ್‌ಸಿ) ನಡೆಸಿದ ಸತೀಶ್ ಧವನ್ ಕ್ಯಾಲ್‌ಟೆಕ್‌ಗೆ ಮುಂಚೆ ಎಂಎಸ್ ಮಾಡಿದ್ದು ಮಿನೆಸೊಟಾದಲ್ಲಿ. ಹೂವಿನಹಡಗಲಿಯಲ್ಲಿ ಹುಟ್ಟಿದ ಸ್ಟ್ಯಾಟಿಸ್ಟಿಕ್ಸ್ ದಿಗ್ಗಜ ಸಿ.ಆರ್. ರಾವ್ ವರ್ಷಗಟ್ಟಲೆ ಪೆನ್ ಸ್ಟೇಟಲ್ಲಿ ಪ್ರೊಫೆಸರ್. ಮೈಸೂರಿನ ಎ.ಕೆ. ರಾಮಾನುಜನ್ 1963ರಲ್ಲಿ ಭಾಷಾಶಾಸ್ತ್ರದ ಪಿಎಚ್‌ಡಿ ತಗೊಂಡಿದ್ದು ಇಂಡಿಯಾನಾದಲ್ಲಿ. ಇವ್ರು ಓದಿದ, ಕಲಿಸಿದ ಯೂನಿವರ್ಸಿಟಿಗಳಲ್ಲಿ ಯಾವುದೂ ಕಾನ್ಫರೆನ್ಸಿನ ಮೊದಲ ಸಾಲಿನ ಹೆಸರಲ್ಲ ನೋಡಿ.

ಸ್ಟಾರ್ ಕಟ್ ಆಗಿದ್ದು ಎರಡು ಕಾರಣಕ್ಕೆ. ಬಿಗ್ ಟೆನ್ ಅಂದ ತಕ್ಷಣ ಎಲ್ಲಾ ಕಡೆ ಎಲ್ಲಾ ಸಿಗಲ್ಲ. ಇಂಡಿಯಾನಾ ರಾಜ್ಯದಲ್ಲಿ ಇಂಜಿನಿಯರಿಂಗ್ ಅಂದ್ರೆ ಪರ್ಡ್ಯೂ, ಬ್ಲೂಮಿಂಗ್ಟನ್ನಲ್ಲಿರೋ ಇಂಡಿಯಾನಾ ಯೂನಿವರ್ಸಿಟಿ ಬಿಸಿನೆಸ್ಸಿಗೆ, ಮ್ಯೂಸಿಕ್ಕಿಗೆ ಹೆಸ್ರುವಾಸಿ, ಅಲ್ಲಿ ಮೆಕ್ಯಾನಿಕಲ್ ಹುಡುಕಿದ್ರೆ ಸಿಗಲ್ಲ. ಒರೆಗಾನ್‌ನೂ ಹಂಗೇ, ನೈಕಿ ದುಡ್ಡಿದೆ, ಜೆರ್ಸಿಗಳು ಸೂಪರ್, ಮೆಕ್ಯಾನಿಕಲ್ ಸಿವಿಲ್ ಬೇಕಂದ್ರೆ ಒರೆಗಾನ್ ಸ್ಟೇಟ್‌ಗೆ ಹೋಗ್ಬೇಕು, ಅದು ಈ ಗುಂಪಲ್ಲೇ ಇಲ್ಲ. ನಮ್ಮ ಕಡೆ ಕನ್ಸಲ್ಟೆನ್ಸಿಯವ್ರು ಇದನ್ನ ಬಿಡಿಸಿ ಹೇಳೋದು ಕಮ್ಮಿ.

ಎರಡ್ನೇದು ದುಡ್ಡು. 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟಿವಿ ಚಾನೆಲ್‌ಗಳ ಜತೆ ಬಿಗ್ ಟೆನ್ ಮ್ಯಾಚ್ ಪ್ರಸಾರಕ್ಕೆ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರ್ ಡೀಲ್ ಅಂತ ಸುದ್ದಿಯಾಯ್ತು, ಅದು ಬಹುಪಾಲು ಕೋಚುಗಳಿಗೆ, ಸ್ಟೇಡಿಯಂಗೆ, ಈಗ ಆಟಗಾರರಿಗೆ. ನಿಮ್ಮ ಟ್ಯೂಷನ್ ಫೀಸಲ್ಲಿ ಅದ್ರಿಂದ ಒಂದು ಡಾಲರೂ ಕಮ್ಮಿ ಆಗಲ್ಲ. ಫೀಸಲ್ಲೂ ಅಜಗಜಾಂತರ, ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸಿಲ್ಲ, ಅಲ್ಲಿನ ರಾಜ್ಯದ ಮಕ್ಕಳಿಗೆ ಡಿಗ್ರಿ ವರ್ಷಕ್ಕೆ 9,992 ಡಾಲರ್, ಮಿಶಿಗನ್ನಲ್ಲಿ ಹೊರಗಿನವ್ರು ಅದೇ ಡಿಗ್ರಿಗೆ ಕಟ್ಟೋದು 60 ಸಾವಿರ ಡಾಲರಿಗೂ ಮೇಲೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿರೋ ನಮ್ಮವ್ರು ಮೊದ್ಲು ನೋಡ್ಬೇಕಾಗಿದ್ದು ತಮ್ಮ ರಾಜ್ಯದ ಯೂನಿವರ್ಸಿಟಿನ. ಇಂಡಿಯಾದಿಂದ ಬರೋರಿಗೆ ಆ ಭಾಗ್ಯ ಇಲ್ಲ, ಅವ್ರಿಗೆ ಆರ್‌ಎ, ಟಿಎ (ಪ್ರೊಫೆಸರ್‌ಗೆ ರಿಸರ್ಚಲ್ಲೋ ಪಾಠದಲ್ಲೋ ಸಹಾಯ ಮಾಡಿ ಸಂಬಳ ತಗೊಳ್ಳೋ ಕೆಲಸ) ಸಿಗತ್ತಾ ಅನ್ನೋದೇ ಮುಖ್ಯ, ಅದನ್ನ ಅಡ್ಮಿಟ್ ಬಂದ್ಮೇಲಲ್ಲ, ಅಪ್ಲೈ ಮಾಡೋಕೆ ಮುಂಚೆನೇ ಆ ಡಿಪಾರ್ಟ್‌ಮೆಂಟಿನ ಸೀನಿಯರ್ಸ್ ಹತ್ರ ಕೇಳಿ. ಸಾಲ ಮಾಡಿ ನಾರ್ತ್‌ವೆಸ್ಟರ್ನ್‌ಗೆ ಹೋಗೋದಾ, ಆರ್‌ಎ ಕೊಟ್ಟಿರೋ ಅಯೋವಾಗಾ ಅಂತ ಕೇಳಿದ್ರೆ ನಾನಂತೂ ಅಯೋವಾ ಅಂತೀನಿ, ನಿಮ್ಮ ಮನೇಲಿ ಯಾರಾದ್ರೂ ಅಯೋವಾನಾ ಅಂತ ಮುಖ ಸಿಂಡ್ರಿಸಿದ್ರೆ ಬಾರ್ಡೀನು, ಖೊರಾನಾ ಎಲ್ಲಾ ಬೇಡ, ಭೂಮಿ ಸುತ್ತ ಇರೋ ವ್ಯಾನ್ ಅಲೆನ್ ಬೆಲ್ಟ್ ಕಂಡುಹಿಡಿದ ಜೇಮ್ಸ್ ವ್ಯಾನ್ ಅಲೆನ್ ಅಲ್ಲೇ ಪ್ರೊಫೆಸರ್ ಆಗಿದ್ರು ಅಂತ ಹೇಳಿ ಸಾಕು.